ಗುವಾಹಟಿ ವಿಮಾನದಲ್ಲಿ ಚಂದ್ರ ಯಾವ ಕಿಟಕಿಗೆ ಬರ್ತಾನೆ?

“ವಿಮಾನದಾಗೆ ಚಂದ್ರ ಎಷ್ಟೊತ್ತಿಗೆ ಹುಟ್ತಾನವ್ವ?”

ನಮ್ಮ ಆನ್‌ಲೈನ್ ಸೆಂಟರಿನ ಕೌಂಟರ್ ಮೇಲೆ ಮೊಣಕೈ ಊರಿಕೊಂಡು ಆ ದೊಡ್ಡಮ್ಮ ಹೀಗೆ ಕೇಳಿದಾಗ ನಾನು ಯಾರದೋ ಪಹಣಿ ಪ್ರಿಂಟ್ ಹಾಕುತ್ತಿದ್ದೆ. ಪ್ರಿಂಟರ್ ಸದ್ದಿಗೆ ಸರಿಯಾಗಿ ಕೇಳಿಸಲಿಲ್ಲವೇನೋ ಅಂದುಕೊಂಡು ಇನ್ನೊಂದು ಸಲ ಹೇಳಿಸಿದೆ. ಸರಿಯಾಗಿಯೇ ಕೇಳಿಸಿತ್ತು.

ಮಧುಗಿರಿ ಬಸ್ ಸ್ಟ್ಯಾಂಡ್ ಹತ್ತಿರದ ನಮ್ಮ ಸೆಂಟರಿಗೆ ಜನ ಬರುವುದು ಆಧಾರ್ ತಿದ್ದುಪಡಿಗೆ, ಪಹಣಿಗೆ, ರೈಲು ಟಿಕೆಟಿಗೆ. ಅಪರೂಪಕ್ಕೆ ವಿಮಾನದ ಟಿಕೆಟ್ ಬಂದರೆ ಅದು ನನ್ನ ಪಾಲು. ದಿನಾ ಕೊರಟಗೆರೆಯಿಂದ ಬಸ್ಸಲ್ಲಿ ಬರುವಾಗ, ತಲೆ ಮೇಲೆ ಹೋಗುವ ವಿಮಾನ ಯಾವೂರಿಂದ ಯಾವೂರಿಗೆ ಅಂತ ಮೊಬೈಲಲ್ಲಿ ನೋಡುತ್ತಾ ಬರುವುದು ನನ್ನ ಹುಚ್ಚು. ಯಾರೂ ಕಲಿಸಿದ್ದಲ್ಲ. ವಿಮಾನವನ್ನು ಹತ್ತಿರದಿಂದ ನಾನು ನೋಡಿದ್ದೂ ಇಲ್ಲ. ಆದರೆ ಬೆಂಗಳೂರಿಂದ ಯಾವ ಊರಿಗೆ ಎಷ್ಟು ದೂರ, ಎಷ್ಟು ಹೊತ್ತು ಅಂತ ಕೇಳಿದರೆ ಪಟ್ ಅಂತ ಹೇಳಬಲ್ಲೆ ಅನ್ನುವ ಜಂಬ ಇತ್ತು. ಆ ಜಂಬ ಅವತ್ತು ಮಧ್ಯಾಹ್ನವೇ ಕರಗಲು ಶುರುವಾಯಿತು.

ದೊಡ್ಡಮ್ಮ ಬಡವನಹಳ್ಳಿ ಕಡೆಯವರು. ಕುರಿ ಸಾಕುವ ಮನೆ. ಉಣ್ಣೆ ನೂತು ಕಂಬಳಿ ನೇಯುವ ಹನ್ನೊಂದು ಹೆಂಗಸರ ಸಂಘಕ್ಕೆ ಅವರೇ ಹಿರಿಯರು. ಗುವಾಹಟಿಯಲ್ಲಿ ಕೈಮಗ್ಗದವರ ಮೇಳವೊಂದಕ್ಕೆ ಅವರ ಸಂಘವನ್ನು ಕರೆದಿದ್ದರು. ಒಬ್ಬರು ನೇಯ್ದು ತೋರಿಸಬೇಕು, ಜೊತೆಗೊಬ್ಬರು. ಮೇಳದವರೇ ಟಿಕೆಟ್ ಕಳಿಸಿದ್ದರು. ಅದನ್ನು ಪ್ರಿಂಟ್ ಹಾಕಿಸಲು ದೊಡ್ಡಮ್ಮನೂ, ಜೊತೆಗೆ ಹೊರಟಿದ್ದ ಕಳ್ಳಂಬೆಳ್ಳದ ಅಕ್ಕನೂ ಬಂದಿದ್ದರು. ವಿಮಾನ ಬೆಂಗಳೂರು ಬಿಡುವುದು ಸಂಜೆ ಆರೂವರೆಗೆ, ಗುವಾಹಟಿ ಮುಟ್ಟುವುದು ರಾತ್ರಿ ಒಂಬತ್ತೂ ಇಪ್ಪತ್ತೈದಕ್ಕೆ.

ತೊಂದರೆ ಇದ್ದದ್ದು ತಾರೀಖಿನಲ್ಲಿ. ಅವತ್ತು ಸಂಕಷ್ಟಿ.

“ಇಪ್ಪತ್ತೊಂದು ಸಂಕಷ್ಟಿ ಹಿಡೀತೀನಿ ಅಂತ ಹರಕೆ ಕಟ್ಕಂಡಿದ್ದೆ ಕಣವ್ವ. ಮೊಮ್ಮಗಳಿಗೆ ಮೂರು ವರ್ಷ ಆದ್ರೂ ಮಾತೇ ಬಂದಿರ್ಲಿಲ್ಲ. ನಮ್ ಕುಲದಾಗೆ ಈ ವ್ರತ ಇಲ್ಲ, ಇಸ್ಕೂಲು ಟೀಚರಮ್ಮ ಹೇಳ್ಕೊಟ್ರು. ಈಗ ಮಾತು ಬಂದೈತೆ.”

“ಬಂದೈತಾ? ನಿಲ್ಸಕ್ಕೆ ಇನ್ನೊಂದ್ ಇಪ್ಪತ್ತೊಂದು ಸಂಕಷ್ಟಿ ಹಿಡೀಬೇಕು, ಅಷ್ಟು ಬಂದೈತೆ,” ಅಂದರು ಕಳ್ಳಂಬೆಳ್ಳದ ಅಕ್ಕ.

ವಿಮಾನ ಹತ್ತುವ ದಿನದ್ದೇ ಇಪ್ಪತ್ತೊಂದನೆಯದು, ಕೊನೆಯದು. ಬೆಳಗಿಂದ ಉಪವಾಸ ಇದ್ದು, ಚಂದ್ರನನ್ನು ಕಣ್ಣಾರೆ ನೋಡಿದ ಮೇಲೆ ಉಣ್ಣಬೇಕು. ಮಧ್ಯೆ ಒಂದು ತಪ್ಪಿದರೆ ಮತ್ತೆ ಒಂದರಿಂದ ಎಣಿಸಬೇಕು ಅನ್ನುವುದು ದೊಡ್ಡಮ್ಮನ ಕಟ್ಟು. ಆದರೆ ಅವರಿಗೆ ಶುಗರ್. ಹೋದ ಸಂಕಷ್ಟಿಗೆ ಮೋಡ ಕವಿದು, ಚಂದ್ರ ಕಾಣಲಿ ಅಂತ ರಾತ್ರಿ ಹತ್ತರ ತನಕ ಅಂಗಳದಲ್ಲಿ ಕಾದು, ಕಂಡು ಕೈ ಮುಗಿದದ್ದೇ ಅಲ್ಲೇ ತಲೆ ತಿರುಗಿ ಬಿದ್ದಿದ್ದರು. ಆಮೇಲೆ ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟರು: ಏನೇ ಆಗಲಿ ಎಂಟೂವರೆ ಒಳಗೆ ಊಟ. ಒಂಬತ್ತೂ ಇಪ್ಪತ್ತೈದಕ್ಕೆ ಇಳಿದು, ಹೊರಗೆ ಬಂದು ಚಂದ್ರನನ್ನು ಹುಡುಕುವ ಮಾತೇ ಇಲ್ಲ. ಹಾಗಾಗಿ ಮಗನ ತೀರ್ಮಾನ ಏನೆಂದರೆ, ಒಂದೋ ವ್ರತ ಬಿಡು, ಇಲ್ಲ ವಿಮಾನ ಬಿಡು.

“ವಿಮಾನದಾಗೇ ಕಿಟಕೀಲಿ ಎಂಟೂವರೆ ಒಳಗೆ ಚಂದ್ರ ಕಂಡ್ರೆ ಅಲ್ಲೇ ರೊಟ್ಟಿ ತಿಂತೀನಿ. ಕಾಣಲ್ಲ ಅಂದ್ರೆ ನಾನು ಹೋಗಕಿಲ್ಲ. ನಾನು ಹೋಗ್ನಿಲ್ಲ ಅಂದ್ರೆ ಇವ್ಳಿಗೆ ಮಗ್ಗದ ಮೇಲೆ ಕೈಯಾಡಕಿಲ್ಲ. ಮೇಳದೋರು ಬೇರೆ ಸಂಘ ಕರೀತಾರೆ. ಈಗ ಹೇಳು.”

ಗೋಡೆಯ ಕ್ಯಾಲೆಂಡರಿನ ಮುಂದಿನ ಹಾಳೆ ಎತ್ತಿ ನೋಡಿದೆ. ಆ ಸಂಕಷ್ಟಿಗೆ ಚಂದ್ರೋದಯ 8.05. ಸುಲಭ ಅನಿಸಿತು. “ಎಂಟೂ ಐದಕ್ಕೆ ಕಿಟಕಿ ನೋಡಿ ದೊಡ್ಡಮ್ಮ, ಇರ್ತಾನೆ,” ಅಂದೆ.

“ಅದು ಯಾವೂರ ಟೈಮು?”

“ಕ್ಯಾಲೆಂಡರಿಂದು.”

“ಕ್ಯಾಲೆಂಡರು ಯಾವೂರ್ದು? ನಮ್ಮೂರ್ನಾಗೆ ಮೂಡ್ಲು ಕಡೆ ಗುಡ್ಡ ಐತೆ. ಕ್ಯಾಲೆಂಡರು ಹೇಳಿದ್ ಮೇಲೆ ಇನ್ನೂ ಹತ್ತದಿನೈದು ನಿಮ್ಷ ಬುಟ್ಟು ಬತ್ತಾನೆ. ಗುಡ್ಡದ ಮ್ಯಾಲೆ ಕುರಿ ಕಾಯಕ್ಕೆ ಹೋದ್ರೆ ಮೊದ್ಲೇ ಕಾಣ್ತಾನೆ. ವಿಮಾನ ಗುಡ್ಡಕ್ಕಿಂತ ಮ್ಯಾಲೆ ಅಲ್ವೇನವ್ವ?”

ಎರಡು ವರ್ಷ ಆಕಾಶ ನೋಡಿದ ನನಗೆ ಹೊಳೆಯದೇ ಇದ್ದದ್ದು ಅವರಿಗೆ ಕೌಂಟರಿನಲ್ಲಿ ನಿಂತೇ ಹೊಳೆದಿತ್ತು. ಒಂದು ವಾರ ಟೈಮ್ ಕೇಳಿದೆ.

ಲೆಕ್ಕ ಹೀಗೆ ಶುರುವಾಯಿತು. ವಿಮಾನ ಒಂದೇ ಕಡೆ ನಿಂತಿರುವುದಿಲ್ಲ. ಪೂರ್ವಕ್ಕೆ ಹೋದಷ್ಟೂ ಚಂದ್ರ ಬೇಗ ಹುಟ್ಟುತ್ತಾನೆ. ಅಂದರೆ ಯಾವ ಗಂಟೆಗೆ ವಿಮಾನ ಎಲ್ಲಿರುತ್ತದೆ ಅಂತ ಮೊದಲು ಗೊತ್ತಾಗಬೇಕು, ಆಮೇಲೆ ಆ ಜಾಗಕ್ಕೆ ಚಂದ್ರ ಎಷ್ಟೊತ್ತಿಗೆ ಬರುತ್ತಾನೆ ಅಂತ ನೋಡಬೇಕು. ಎರಡೂ ಸೇರುವ ಹೊತ್ತೇ ನಮಗೆ ಬೇಕಾದದ್ದು. ದೂರಕ್ಕೆ ಒಂದು ಸೈಟ್ ನೋಡಿದೆ. ಬೆಂಗಳೂರಿಂದ ಗುವಾಹಟಿಗೆ 1101 ಮೈಲಿ ಅಂತ ತೋರಿಸಿತು. ಮೈಲಿ ಅಂದರೆ ನಮಗೆ ಗೊತ್ತಿರುವ ಮೈಲಿಯೇ ತಾನೇ, ಒಂದಕ್ಕೆ 1.6 ಕಿಲೋಮೀಟರ್ ಅಂತ ಗುಣಿಸಿಕೊಂಡೆ, 1760 ಚಿಲ್ಲರೆ. ಗಂಟೆಗೆ 850ರ ವೇಗ. ಏರಲು ಇಳಿಯಲು ಒಂದಿಷ್ಟು ನಿಮಿಷ ಸೇರಿಸಿದರೆ ಆಕಾಶದಲ್ಲಿ ಇರುವುದು ಎರಡು ಗಂಟೆ ಇಪ್ಪತ್ತು ನಿಮಿಷವೂ ಆಗಲಿಲ್ಲ.

ನನ್ನ ಲೆಕ್ಕ ಸರಿಯಿದೆಯಾ ಅಂತ ಪರೀಕ್ಷಿಸಲು ಆ ಸಂಜೆಯ ವಿಮಾನವನ್ನು ದಿನಾ ಮೊಬೈಲಲ್ಲಿ ಹಿಂಬಾಲಿಸಿದೆ. ವೇಗ ನಾನು ಹೇಳಿದಷ್ಟೇ. ಗಾಳಿ ಹಿಂದಿನಿಂದ ತಳ್ಳುವ ದಿನ ಇನ್ನೂ ಜಾಸ್ತಿ. ಆದರೂ ಪ್ರತಿದಿನ ನನ್ನ ಲೆಕ್ಕಕ್ಕಿಂತ ತಡವಾಗಿಯೇ ಇಳಿಯುತ್ತಿತ್ತು. ಮೂರು ದಿನ ಪೈಲಟನ್ನೇ ಬೈದುಕೊಂಡೆ. ನಾಲ್ಕನೇ ದಿನ ಸೆಂಟರಿನ ಓನರ್ ಅಣ್ಣನ ಮಗಳ ಗ್ಲೋಬ್ ತಂದು, ಎರಡು ಊರಿಗೂ ದಾರ ಹಿಡಿದು ಅಳೆದೆ. ದಾರ ಎರಡು ಸಾವಿರ ಕಿಲೋಮೀಟರ್ ದಾಟಿತು.

“ಲೇ ಅಮ್ಮಯ್ಯ, ಪಹಣಿಗೆ ಬಂದೋರು ನಾಲ್ಕ್ ಜನ ಕಾಯ್ತಾವ್ರೆ,” ಅಂದರು ಓನರ್ ಅಣ್ಣ. “ನೀನು ಚಂದ್ರನ ಪಹಣಿ ತೆಗೆಯಕ್ ಕೂತಿದ್ದೀಯ. ಅಲ್ಲಿ ಯಾರ್ ಹೆಸ್ರಿಗೈತೆ ಜಮೀನು?”

ನಗುತ್ತಲೇ ಪಹಣಿ ಕೊಟ್ಟು ಕಳಿಸಿ, ಸೈಟನ್ನು ಮತ್ತೆ ನೋಡಿದಾಗ ತಪ್ಪು ಸಿಕ್ಕಿತು. ವಿಮಾನದವರ ಮೈಲಿ ರಸ್ತೆಯ ಮೈಲಿಯಲ್ಲ, ಸಮುದ್ರದ ಮೈಲಿ. ಹಡಗಿನವರಿಂದ ಬಂದದ್ದು. ನಮ್ಮದು 1.6 ಕಿಲೋಮೀಟರ್ ಆದರೆ ಅದು 1.85. ಸರಿಯಾಗಿ ಗುಣಿಸಿದರೆ 2039 ಕಿಲೋಮೀಟರ್. ಗಾಳಿಯ ತಳ್ಳುವಿಕೆಯೂ ಸೇರಿ ಆಕಾಶದಲ್ಲಿ ಎರಡೂವರೆ ಗಂಟೆ. ದಿನಾ ಕಂಡದ್ದಕ್ಕೆ ಸರಿಹೋಯಿತು. ಇದನ್ನು ಫೋನಲ್ಲಿ ಹೇಳಿದರೆ ದೊಡ್ಡಮ್ಮ, “ಮೈಲೀಲೂ ಎರಡ್ ಜಾತಿ ಐತೇನವ್ವ?” ಅಂದರು.

ಇನ್ನು ಚಂದ್ರ. ಒಂದೊಂದು ಊರಿಗೂ ಚಂದ್ರೋದಯ ಹೇಳುವ ಸೈಟ್ ಇದೆ. ದಾರಿಯಲ್ಲಿ ಸಿಗುವ ಊರುಗಳ ಟೈಮನ್ನು ಒಂದರ ಕೆಳಗೊಂದು ಬರೆದೆ. ಬೆಂಗಳೂರಿಗೆ 8.05 ಇದ್ದದ್ದು ಪೂರ್ವಕ್ಕೆ ಸರಿದಂತೆ ಇಳಿಯುತ್ತಾ ಹೋಯಿತು. ಅದರ ಮೇಲೆ ದೊಡ್ಡಮ್ಮನ ಗುಡ್ಡದ ಲೆಕ್ಕ. ಹತ್ತು ಕಿಲೋಮೀಟರ್ ಎತ್ತರದಿಂದ ನೋಡುವಾಗ ಭೂಮಿಯ ಅಂಚು ಮೂರು ಡಿಗ್ರಿಗಿಂತ ಹೆಚ್ಚು ಕೆಳಗಿಳಿಯುತ್ತದೆ. ಅಷ್ಟಕ್ಕೇ ಚಂದ್ರ ಕಾಲು ಗಂಟೆ ಮೊದಲೇ ಕಾಣುತ್ತಾನೆ. ಎಲ್ಲಾ ಸೇರಿಸಿದರೆ ಏಳೂ ಇಪ್ಪತ್ತೈದರ ಸುಮಾರಿಗೆ, ವಿಮಾನ ಗೋದಾವರಿಯ ಆಸುಪಾಸಿನಲ್ಲಿ ಇರುವಾಗ ಚಂದ್ರೋದಯ. ಎಂಟೂವರೆಗೆ ಒಂದು ಗಂಟೆ ಮೊದಲೇ! ವಿಮಾನ ಹೋಗುವುದು ಈಶಾನ್ಯಕ್ಕೆ, ಚಂದ್ರ ಹುಟ್ಟುವುದು ಪೂರ್ವಕ್ಕೆ, ಅಂದರೆ ಬಲಗಡೆ. ಇಬ್ಬರಿಗೂ ಬಲಗಡೆ ಕಿಟಕಿಯ ಸಾಲಿನಲ್ಲೇ ಸೀಟು ಹಾಕಿದೆ. ಅವತ್ತು ಬಸ್ಸಿನಲ್ಲಿ ಕೊರಟಗೆರೆ ತನಕ ಒಬ್ಬಳೇ ನಗುತ್ತಾ ಹೋಗಿರಬೇಕು. ಪಕ್ಕದ ಹೆಂಗಸು ಸ್ವಲ್ಪ ಸರಿದು ಕೂತಿದ್ದು ನೆನಪಿದೆ.

ದೊಡ್ಡಮ್ಮನಿಗೆ ಮಾತ್ರ ಪೂರ್ತಿ ನಂಬಿಕೆ ಬಂದಿರಲಿಲ್ಲ. “ಕಾಗದದಾಗೆ ಸರಿ. ಕಿಟಕೀಲಿ ತೋರ್ಸು,” ಅಂದರು.

ತೋರಿಸಲು ಒಂದು ಅವಕಾಶ ಇತ್ತು. ವಿಮಾನದ ಸಂಕಷ್ಟಿಗೆ ಮೊದಲಿನ ಸಂಕಷ್ಟಿ, ಅಂದರೆ ಇಪ್ಪತ್ತನೆಯದು, ಅದೇ ವಾರ ಇತ್ತು. ಅವತ್ತು ಸಂಜೆ ದೊಡ್ಡಮ್ಮ ಪಾವಗಡದ ಕಡೆ ರಾಯಚರ್ಲಿನಲ್ಲಿರುವ ತಂಗಿ ಮನೆಗೆ ಹೋಗುವವರಿದ್ದರು. ನಾನೂ ಜೊತೆಗೆ ಹೊರಟೆ. ಪ್ರಿಂಟರ್ ಪೇಪರ್ ಬರುವ ರಟ್ಟಿನ ಡಬ್ಬಿ ತೆಗೆದುಕೊಂಡು, ವಿಮಾನದ ಕಿಟಕಿಯಷ್ಟೇ ತೂತು ಕೊರೆದೆ. ವಿಮಾನದ ಗೋಡೆ ದಪ್ಪ, ಅದಕ್ಕೇ ಡಬ್ಬಿಯ ಅಂಚನ್ನು ನಾಲ್ಕು ಬೆರಳು ಹಾಗೆಯೇ ಬಿಟ್ಟೆ. ಬಸ್ಸಿನಲ್ಲಿ ಡ್ರೈವರ್ ಸೈಡಿನ ಕಿಟಕಿ ಸೀಟು ಹಿಡಿದು, ಡಬ್ಬಿಯನ್ನು ಕಿಟಕಿಯ ಸರಳಿಗೆ ದಾರದಲ್ಲಿ ಕಟ್ಟಿದೆ. ಡಬ್ಬಿಯ ಅಡಿಗೆ ಕೋನಮಾಪಕ ಅಂಟಿಸಿದ್ದೆ.

“ಏನಮ್ಮ ಇದು, ಇದಕ್ಕೊಂದು ಲಗೇಜ್ ಟಿಕೆಟ್ ಹರೀಲಾ?” ಅಂದರು ಕಂಡಕ್ಟರು.

ಹಿಂದಿನ ಸೀಟಿನ ಪಾವಗಡದ ಯಜಮಾನರೊಬ್ಬರು ಕತ್ತು ಮುಂದೆ ಚಾಚಿ, “ಏಮ್ಮಾ, ಟೀವೀನಾ ಇದಿ? ಯಾವ್ ಸೀರಿಯಲ್ ಬರ್ತದೆ?” ಅಂದರು.

“ಚಂದ್ರನ್ ಸೀರಿಯಲ್ ಕಣಣ್ಣ,” ಅಂದರು ದೊಡ್ಡಮ್ಮ. “ಇವತ್ತು ಇಪ್ಪತ್ತನೇ ಎಪಿಸೋಡು. ಸುಮ್ಕೆ ಕೂತ್ಕಂಡು ನೋಡು.”

ಮಧುಗಿರಿ ಬಿಟ್ಟರೆ ಪಾವಗಡದ ರಸ್ತೆ ಹೆಚ್ಚುಕಮ್ಮಿ ಉತ್ತರಕ್ಕೇ ಹೋಗುತ್ತದೆ. ಏಳೂ ಮುಕ್ಕಾಲಿನ ಹೊತ್ತಿಗೆ ಬಂಡೆಗಳ ಗುಡ್ಡವೊಂದು ಹಿಂದೆ ಸರಿದದ್ದೇ, ತೂತಿನ ಮುಂದಿನ ಮೂಲೆಯಲ್ಲಿ ಕೆಂಪಗೆ, ಒಂದು ಕಡೆ ಸವೆದ ಚಂದ್ರ ಬಂದ. ಇಡೀ ಬಸ್ಸಿಗೆ ಕೇಳುವ ಹಾಗೆ ನಾನು “ಬಂದ!” ಅಂದೆ. ದೊಡ್ಡಮ್ಮ ಕೈ ಮುಗಿದರು. ಸೆರಗಿನಿಂದ ರೊಟ್ಟಿ ಬಿಚ್ಚಿದರು. ಯಜಮಾನರಿಗೂ ಒಂದು ತುಂಡು ಕೊಟ್ಟರು.

ಆಗ ರಸ್ತೆ ಬಲಕ್ಕೆ ಬಾಗಿತು. ಚಂದ್ರ ತೂತಿನ ಮುಂದಿನ ಅಂಚಿಗೆ ಜಾರಿ, ಮಾಯವಾದ. ಕೆನ್ನೆಯನ್ನು ರಟ್ಟಿಗೆ ಒತ್ತಿ ಹಣಕಿದೆ. ಇಲ್ಲ.

“ಎಲ್ಲೋದ?”

ದೊಡ್ಡಮ್ಮ ರೊಟ್ಟಿ ಅಗಿಯುತ್ತಾ ಮುಂದಿನ ಗಾಜಿನ ಕಡೆ ಗಲ್ಲ ಎತ್ತಿ ತೋರಿಸಿದರು. ಡ್ರೈವರಿನ ತಲೆಯ ಪಕ್ಕದಲ್ಲಿ, ದೊಡ್ಡ ಗಾಜಿನ ನಡುವೆ ಚಂದ್ರ ಕೂತಿದ್ದ. “ಈಗ ಅವ್ನು ಡ್ರೈವರ್ ಪಾಲಿಗೆ. ನಾವು ಅವ್ನ ಕಡೀಕೇ ಹೋದ್ರೆ ಪಕ್ಕದ್ ಕಿಟಕೀಲಿ ಹೆಂಗ್ ಕಾಣ್ತಾನೆ?” ಅಂದು ಒಂದು ಕ್ಷಣ ಅಗಿಯುವುದನ್ನು ನಿಲ್ಲಿಸಿದರು. “ಅಲ್ಲವ್ವ, ನಿನ್ ವಿಮಾನ ಎತ್ಲಾಗ್ ಹೋಗದು ಅಂದೆ?”

ಡಬ್ಬಿಯ ಅಡಿಯ ಕೋನಮಾಪಕದ ಮೇಲೆ ಬೆರಳಿಟ್ಟು ಎಣಿಸಿದೆ. ವಿಮಾನ ಹೋಗುವುದು ಉತ್ತರದಿಂದ ನಲವತ್ತೈದು ಡಿಗ್ರಿಗೆ. ಆ ತಿಂಗಳು ಚಂದ್ರ ಹುಟ್ಟುವುದು ನೇರ ಪೂರ್ವಕ್ಕಲ್ಲ, ಇನ್ನೂ ಉತ್ತರಕ್ಕೆ, ಸುಮಾರು ಅರವತ್ತು ಡಿಗ್ರಿಗೆ. ಅಂದರೆ ವಿಮಾನದ ಮೂತಿಯಿಂದ ಬರೀ ಹದಿನೈದು ಡಿಗ್ರಿ ಬಲಕ್ಕೆ. ನನ್ನ ಡಬ್ಬಿಯಲ್ಲಿ ಮೂತಿಯಿಂದ ಮೂವತ್ತೈದು ಡಿಗ್ರಿಯಾದರೂ ಆಚೆ ಇದ್ದರೆ ಮಾತ್ರ ಕಾಣುತ್ತಿತ್ತು. ಚಂದ್ರ ಮೇಲೇರಿದರೂ ಎಂಟೂವರೆ ತನಕ ಆ ಕೋನ ಇಪ್ಪತ್ತು ದಾಟುವುದಿಲ್ಲ. ಎರಡು ಗಂಟೆ ವಿಮಾನದ ಮುಂದೆಯೇ ತೇಲುತ್ತಿರುವ ಚಂದ್ರನನ್ನು ಇಡೀ ವಿಮಾನದಲ್ಲಿ ನೋಡುವವರು ಪೈಲಟ್‌ಗಳು ಮಾತ್ರ. ನಾನು ಬಲಗಡೆ, ಎಡಗಡೆ ಅಂತ ಮಾತ್ರ ಯೋಚಿಸಿದ್ದೆ. ಮುಂದೆ ಅನ್ನುವುದೂ ಒಂದು ದಿಕ್ಕು ಅನ್ನುವುದನ್ನೇ ಮರೆತಿದ್ದೆ.

“ದೊಡ್ಡಮ್ಮ, ತಪ್ಪಾಯ್ತು,” ಅಂದೆ. “ಕಾಣಲ್ಲ.”

ಅವರು ಬೈಯಲಿಲ್ಲ. ರೊಟ್ಟಿಯನ್ನು ಮತ್ತೆ ಕಟ್ಟಿ ಸೆರಗಿಗೆ ಸಿಕ್ಕಿಸಿಕೊಂಡರು. “ನೀನೇನ್ ಮಾಡ್ತೀಯ ಬುಡು. ಮಗಂಗೆ ಹೇಳ್ತೀನಿ, ಹೋಗಕಿಲ್ಲ ಅಂತ.” ಆ ಮಾತಿಗೆ ಸಿಟ್ಟು ಇದ್ದಿದ್ದರೆ ಚೆನ್ನಾಗಿತ್ತು. ಹೋಗುವ ಹುರುಪಿನಲ್ಲಿ ಅವರು ಮೇಳಕ್ಕೆ ಅಂತಲೇ ನೇಯ್ದಿದ್ದ ಕಂಬಳಿಯ ಅಂಚನ್ನು ಬಸ್ಸಿನಲ್ಲಿ ನನಗೆ ತೋರಿಸಿದ್ದರು. ಕರಿ ಉಣ್ಣೆಯ ನಡುವೆ ಬಿಳಿಯ ಒಂದೇ ಎಳೆ.

ಮಾರನೇ ದಿನ ಸೆಂಟರಿನಲ್ಲಿ ಕೆಲಸ ನಡೆಯಲಿಲ್ಲ. ಬೇರೆ ದಾರಿ ಹುಡುಕಿದೆ. ಡೆಲ್ಲಿ ಮೇಲೆ ಹೋದರೆ ವಿಮಾನ ಉತ್ತರಕ್ಕೆ ಹೋಗುತ್ತದೆ, ಚಂದ್ರ ಬಲಗಡೆ ಚೆನ್ನಾಗಿ ಕಾಣುತ್ತಾನೆ, ಆದರೆ ಅಲ್ಲಿಳಿದು ಇನ್ನೊಂದು ವಿಮಾನ ಹಿಡಿದು ಗುವಾಹಟಿ ಮುಟ್ಟುವುದು ಮಧ್ಯರಾತ್ರಿ. ಶುಗರ್ ಇರುವ, ಮೊದಲ ಸಲ ಹಾರುವ ಹೆಂಗಸಿಗೆ ಅದಾಗದು. ಬೇಸರದಲ್ಲಿ ನನ್ನ ಹಳೇ ಪಟ್ಟಿಯನ್ನೇ ಮೇಲಿಂದ ಕೆಳಕ್ಕೆ ನೋಡುತ್ತಾ ಕೂತೆ. ಬೆಂಗಳೂರು 8.05. ಅದರ ಕೆಳಗೆ ದಾರಿಯ ಊರುಗಳು. ಕೊನೆಯ ಸಾಲು ಗುವಾಹಟಿ. ಅಲ್ಲಿ ನೆಲದ ಮೇಲೆ ನಿಂತವರಿಗೇ 6.40.

ಆ ಸಂಖ್ಯೆಯನ್ನು ನಾನೇ ಬರೆದಿದ್ದೆ. ಒಂದು ವಾರದಿಂದ ಅದು ನನ್ನ ಮುಂದೆಯೇ ಇತ್ತು. ವಿಮಾನ ಆ ಹೊತ್ತಿಗೆ ಇನ್ನೂ ಬೆಂಗಳೂರು ಬಿಟ್ಟಿರುವುದೇ ಇಲ್ಲ ಅಂತ ಆ ಸಾಲನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಅದೇ ದಿನ ಮಧ್ಯಾಹ್ನ ಎರಡೂ ಇಪ್ಪತ್ತಕ್ಕೆ ಒಂದು ವಿಮಾನ ಇತ್ತು. ಐದೂ ಕಾಲಿಗೆ ಗುವಾಹಟಿ. ಆರೂ ನಲವತ್ತಕ್ಕೆ ಉಳಿಯುವ ಜಾಗದ ಮುಂದೆ ನಿಂತರೆ ಚಂದ್ರ. ಏಳಕ್ಕೆ ಊಟ. ಮನೆಯಲ್ಲೇ ಇದ್ದಿದ್ದರೂ ಇಷ್ಟು ಬೇಗ ಉಣ್ಣುವಂತಿರಲಿಲ್ಲ. ಆಕಾಶದಲ್ಲಿ ಚಂದ್ರನನ್ನು ಹಿಡಿಯುವ ಬದಲು, ಅವನು ಬೇಗ ಬರುವ ಊರಿಗೆ ಮೊದಲೇ ಹೋಗಿ ಕಾಯುವುದು.

ಮೇಳದವರಿಗೆ ಫೋನ್ ಮಾಡಿದೆ. ಬೇರೆ ನೇಕಾರರೂ ಆ ಮಧ್ಯಾಹ್ನದ ವಿಮಾನದಲ್ಲೇ ಬರುತ್ತಿದ್ದಾರೆ, ಬದಲಾಯಿಸಬಹುದು, ಆದರೆ ನಾಳೆ ಸಂಜೆಯೊಳಗೆ ಹೇಳಿ ಅಂದರು. ಆಗ ನನಗೆ ಇನ್ನೊಂದು ಭಯ ಹುಟ್ಟಿತು. ವ್ರತ ಹಿಡಿದದ್ದು ಇಲ್ಲಿ. ಕ್ಯಾಲೆಂಡರು ಇಲ್ಲಿಯದು. ಅಲ್ಲಿ ಬೇಗ ಹುಟ್ಟಿದ ಚಂದ್ರನನ್ನು ನೋಡಿ ಉಂಡರೆ ಅದು ಇಪ್ಪತ್ತೊಂದಕ್ಕೆ ಸೇರುತ್ತದೆಯೇ? ಇದಕ್ಕೆ ನನ್ನ ಹತ್ತಿರ ಯಾವ ಸೂತ್ರವೂ ಇರಲಿಲ್ಲ.

ಬೆಳಗ್ಗೆ ಬಡವನಹಳ್ಳಿ ಬಸ್ ಹತ್ತಿ ಅವರ ಹಟ್ಟಿಗೇ ಹೋದೆ. ದೊಡ್ಡಮ್ಮ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು, ಹಾಸಿದ ನೂಲಿಗೆ ಹುಣಸೆ ಬೀಜದ ಗಂಜಿ ಸವರುತ್ತಿದ್ದರು. ಮೊಮ್ಮಗಳು ಅವರ ಬೆನ್ನಿಗೆ ಒರಗಿಕೊಂಡು ಬಿಡುವಿಲ್ಲದೆ ಏನೋ ಹೇಳುತ್ತಿದ್ದಳು. ನಾನು ನನ್ನ ಪಟ್ಟಿ ಬಿಡಿಸಿ ಎಲ್ಲವನ್ನೂ ವಿವರಿಸಿದೆ. ಕೊನೆಗೆ ಕೇಳಿದೆ, “ಆದ್ರೆ ಅದು ನಮ್ಮೂರ ಟೈಮಲ್ಲ ದೊಡ್ಡಮ್ಮ. ನಡೆಯುತ್ತಾ?”

ಅವರು ಗಂಜಿಯ ಕುಂಚ ಇಳಿಸಿದರು.

“ನಾನು ಹುಡ್ಗಿಯಾಗಿದ್ದಾಗ ಅಪ್ಪನ ಜೊತೆ ಕುರಿ ಹೊಡ್ಕಂಡು ತಿಂಗ್ಳಾನುಗಟ್ಲೆ ಹೋಗ್ತಿದ್ವಿ. ಇವತ್ತು ಸಿರಾದ್ ಹೊಲ, ನಾಳೆ ಇನ್ನೆಲ್ಲೋ. ಅಲ್ಲೆಲ್ಲಾ ನಮ್ಮೂರಿನ್ ಹೊತ್ತು ನೋಡ್ತಿದ್ವಾ? ಮಂದೆ ಎಲ್ಲಿ ತಂಗ್ತದೋ ಅವತ್ತಿಗೆ ಅದೇ ನಮ್ಮೂರು. ಅಲ್ಲಿ ಮೂಡಿದ್ದೇ ನಮ್ಮ ಚಂದ್ರ.” ಆಮೇಲೆ ಬಾಗಿಲಲ್ಲಿ ನಿಂತಿದ್ದ ಮಗನ ಕಡೆ ತಿರುಗಿ, “ಏನ್ಲಾ, ಏಳ್ ಗಂಟೆಗೆ ಉಂಡ್ರೆ ನಿನ್ ಡಾಕ್ಟ್ರು ಒಪ್ಪಾನಾ?” ಅಂದರು.

“ಎಂಟೂವರೆ ದಾಟಬಾರ್ದು ಅಷ್ಟೇ ಕಣವ್ವ. ಚಂದ್ರ ಕಾಣ್ಲಿ, ಬುಡ್ಲಿ, ದಾಟಿದ್ರೆ ಉಣ್ಣಬೇಕು. ಆಣೆ ಮಾಡು.”

ದೊಡ್ಡಮ್ಮ ಮೊಮ್ಮಗಳ ತಲೆ ಮುಟ್ಟಿ ಆಣೆ ಮಾಡಿದರು. ಅಂದರೆ ಎಂಟೂವರೆಗೆ ಚಂದ್ರ ಕಾಣದಿದ್ದರೆ ಉಂಡೇ ತೀರಬೇಕು, ಇಪ್ಪತ್ತು ಸಂಕಷ್ಟಿಯೂ ಹೋದಂತೆ. ಆ ಸಂಜೆಯೇ ಟಿಕೆಟ್ ಬದಲಾಯಿತು.

ಮುಂದಿನ ದಿನಗಳಲ್ಲಿ ನನಗೆ ಲೆಕ್ಕದ ಕೆಲಸವಿರಲಿಲ್ಲ, ಆದರೂ ಗುವಾಹಟಿಯಲ್ಲಿ ವಿಮಾನಗಳು ಇಳಿಯುವುದನ್ನು ಸುಮ್ಮನೆ ನೋಡುತ್ತಿದ್ದೆ. ಅಲ್ಲಿಯ ರನ್‌ವೇಗೆ ಒಂದು ಕಡೆಯಿಂದ 02 ಅಂತ ಹೆಸರು. ಆ ಅಂಕಿಗೆ ಒಂದು ಸೊನ್ನೆ ಸೇರಿಸಿದರೆ ದಿಕ್ಕು, ಇಪ್ಪತ್ತು ಡಿಗ್ರಿ. ನಮ್ಮ ಕಡೆಯಿಂದ ಹೋದ ವಿಮಾನಗಳು ಹೆಚ್ಚಾಗಿ ಈಶಾನ್ಯಕ್ಕೆ ಬಂದು, ಇಳಿಯುವ ಮೊದಲು ಉತ್ತರಕ್ಕೆ ತಿರುಗಿ, ನೇರವಾಗಿ ಆ ರನ್‌ವೇ ಮೇಲೆ ಇಳಿಯುತ್ತಿದ್ದವು. ಗಾಳಿ ಉಲ್ಟಾ ಇದ್ದ ಎರಡು ದಿನ ಮಾತ್ರ ಸುತ್ತು ಹಾಕಿ ಆ ಕಡೆಯಿಂದ ಬಂದವು. ಮಧುಗಿರಿಯಿಂದ ಪಾವಗಡದ ರಸ್ತೆಯೂ ಹೆಚ್ಚುಕಮ್ಮಿ ಅದೇ ದಿಕ್ಕು. ಹೊರಡುವ ಹಿಂದಿನ ದಿನ ಬೋರ್ಡಿಂಗ್ ಪಾಸ್ ತೆಗೆಯುವಾಗ, ಬೇಕಿಲ್ಲದಿದ್ದರೂ ಇರಲಿ ಅಂತ, ಬಲಗಡೆ ಕಿಟಕಿಯೇ ಹಾಕಿದೆ.

ಆ ದಿನ ಮಧ್ಯಾಹ್ನ ಎರಡಕ್ಕೆ ಕಳ್ಳಂಬೆಳ್ಳದ ಅಕ್ಕ ಫೋನ್ ಮಾಡಿದರು. ವಿಮಾನ ಬರಬೇಕಾದದ್ದು ಇನ್ನೂ ಬಂದಿಲ್ಲವಂತೆ, ಒಂದು ಗಂಟೆ ತಡ. ಮೂರಕ್ಕೆ ಮತ್ತೆ ಫೋನ್: ಇನ್ನೂ ಒಂದು ಗಂಟೆ. ನಾಲ್ಕಕ್ಕೆ ದೊಡ್ಡಮ್ಮನೇ ಮಾತಾಡಿದರು.

“ಕೂತೂ ಕೂತೂ ಸಾಕಾಯ್ತು. ಇಲ್ಲೊಂದ್ ಹುಡ್ಗಿ ಬೋರ್ಡಿನ್ ಮೇಲೆ ಟೈಮು ಅಳ್ಸಿ ಅಳ್ಸಿ ಬರೀತಾ ಕೂತವ್ಳೆ. ವಾಪಸ್ ಬಂದ್ಬುಡ್ಲಾ?” ದನಿಯಲ್ಲಿ ಸುಸ್ತು ಇತ್ತು.

ಬೆಳಗ್ಗೆಯಿಂದ ಎರಡು ಲೋಟ ಹಾಲು, ಒಂದು ಸೀಬೆಹಣ್ಣು, ಅಷ್ಟೇ. ವಾಪಸ್ ಬಂದರೆ ಮೇಳ ಹೋಯಿತು. ಹೋದರೆ ಎಷ್ಟಕ್ಕೆ ಇಳಿಯುತ್ತದೋ ಗೊತ್ತಿಲ್ಲ. ನನ್ನ ಕೈಯಲ್ಲಿ ಪೆನ್ನು, ಮುಂದೆ ಯಾರದೋ ಆದಾಯ ಪ್ರಮಾಣಪತ್ರದ ಅರ್ಜಿ. ಅದರ ಹಿಂಬದಿಯಲ್ಲೇ ಲೆಕ್ಕ ಹಾಕಿದೆ. ಐದೂ ಕಾಲಿಗೆ ನೆಲ ಬಿಟ್ಟರೂ ಏಳೂ ಮುಕ್ಕಾಲಿಗೆ ಇಳಿಯುತ್ತದೆ. ಸಾಮಾನು ತೆಗೆದುಕೊಂಡು ಹೊರಗೆ ಬರುವಷ್ಟರಲ್ಲಿ ಎಂಟೂವರೆ ಆಗಿಬಿಡಬಹುದು. ಏಳಕ್ಕೆ ಮೊದಲೇ ಚಂದ್ರ ಹುಟ್ಟಿರುತ್ತಾನೆ, ಆದರೆ ಮೂತಿಯ ಮುಂದೆ. ಕೊನೆಯ ಹತ್ತು ನಿಮಿಷ ಉತ್ತರಕ್ಕೆ ತಿರುಗಿದಾಗ ಮಾತ್ರ ಬಲಗಡೆ, ನಲವತ್ತು ಡಿಗ್ರಿಯ ಆಚೆಗೆ. ನನ್ನ ಡಬ್ಬಿಯ ಲೆಕ್ಕಕ್ಕೆ ಸಾಕು. ಗಾಳಿ ಉಲ್ಟಾ ಇಲ್ಲದಿದ್ದರೆ.

“ಹೋಗಿ ದೊಡ್ಡಮ್ಮ. ಇಳಿಯೋಕೆ ಸ್ವಲ್ಪ ಮೊದ್ಲು ಎಡಕ್ಕೆ ತಿರುಗುತ್ತೆ. ಆಗ ಕಿಟಕಿಗೆ ಕೆನ್ನೆ ಕೊಟ್ಟು ಮುಂದಕ್ಕೆ ನೋಡಿ. ಪಾವಗಡ ಬಸ್ಸಲ್ಲಿ ಡ್ರೈವರ್ ಸೈಡ್ ಕೂತಿದ್ರಲ್ಲ, ಹಂಗೇ.”

“ಪಾವಗಡ ಬಸ್ಸಾ? ಸರಿ ಬುಡು, ಗೊತ್ತಾಯ್ತು,” ಅಂದರು.

ಐದೂ ಹದಿನೇಳಕ್ಕೆ ನಕ್ಷೆಯ ಮೇಲೆ ಆ ಪುಟ್ಟ ಹಳದಿ ವಿಮಾನ ಎದ್ದಿತು. ಸೆಂಟರ್ ಮುಚ್ಚುವ ಹೊತ್ತಾದರೂ ಓನರ್ ಅಣ್ಣ ಶಟರ್ ಎಳೆಯಲಿಲ್ಲ. ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತರು. ಏಳಕ್ಕೆ ನಾನು ಹೇಳಿದೆ, “ಅಣ್ಣ, ಈಗ ಚಂದ್ರ ಹುಟ್ಟಿದ್ದಾನೆ. ಪೈಲಟ್ ನೋಡ್ತಿದ್ದಾನೆ. ದೊಡ್ಡಮ್ಮನಿಗೆ ಕಾಣಲ್ಲ.”

“ಆ ಪೈಲಟ್‌ಗೇ ಒಪ್ಪತ್ತು ಹಿಡಿಸಬೇಕಿತ್ತು ಕಣಮ್ಮ,” ಅಂದರು ಅಣ್ಣ. ಆದರೆ ಅವರೂ ಕಣ್ಣು ತೆಗೆಯಲಿಲ್ಲ.

ಏಳೂ ಮೂವತ್ತು. ಎತ್ತರ ಇಳಿಯುತ್ತಿತ್ತು. ಗೆರೆ ಇನ್ನೂ ಈಶಾನ್ಯಕ್ಕೇ. ಏಳೂ ಮೂವತ್ತಮೂರು, ಈಶಾನ್ಯವೇ. ಉಲ್ಟಾ ಗಾಳಿಯ ದಿನ ಇಲ್ಲಿಂದಲೇ ನೇರ ಮುಂದೆ ಹೋಗಿ ಸುತ್ತು ಹಾಕುತ್ತಿದ್ದವು. ಏಳೂ ಮೂವತ್ತಾರಕ್ಕೆ ಹಳದಿ ವಿಮಾನದ ಮೂತಿ ನಿಧಾನವಾಗಿ ಎಡಕ್ಕೆ ಬಾಗಿತು. ದಿಕ್ಕಿನ ಅಂಕಿ ನಲವತ್ತರಿಂದ ಮೂವತ್ತಾಯಿತು, ಇಪ್ಪತ್ತೆರಡಾಯಿತು, ಇಪ್ಪತ್ತಕ್ಕೆ ಬಂದು ನಿಂತಿತು.

“ತಿರುಗ್ತಾ?” ಅಂದರು ಅಣ್ಣ.

“ತಿರುಗಿತು.” ಅದಕ್ಕಿಂತ ಹೆಚ್ಚು ನನಗೆ ಗೊತ್ತಾಗುವ ಹಾಗಿರಲಿಲ್ಲ. ಪರದೆಯ ಮೇಲೆ ವಿಮಾನ ಕಾಣುತ್ತದೆ, ಕಿಟಕಿ ಕಾಣುವುದಿಲ್ಲ.

ಏಳೂ ಐವತ್ತಾರಕ್ಕೆ ಫೋನ್ ಬಂತು. ಮೊದಲು ಕಳ್ಳಂಬೆಳ್ಳದ ಅಕ್ಕನ ನಗು. “ಅಯ್ಯೋ ತಾಯಿ, ಇವ್ರ್ ಮಾಡಿದ್ ಕೆಲ್ಸ ಕೇಳು. ವಿಮಾನ ವಾಲ್ತು, ನಾನು ಕಣ್ಮುಚ್ಕಂಡು ದ್ಯಾವ್ರೇ ಅಂತಿದ್ದೀನಿ. ಇವ್ರು ಕಿಟಕೀಗೆ ಮೂತಿ ಒತ್ಕಂಡು ‘ಬಂದ ಕಣೇ, ಪಾವಗಡ ಬಸ್ಸಿನ ಚಂದ್ರ’ ಅಂತ ಕೂಗಿದ್ರು. ಎಲ್ರೂ ತಿರುಗಿ ನೋಡಿದ್ರು. ಆಮೇಲೆ ಚಂದ್ರಂಗೆ ನೀರು ಬುಡಬೇಕಲ್ಲ, ಎಲ್ ಬುಡದು? ಬಾಟ್ಲಿ ಮುಚ್ಚಳದಾಗೆ ಒಂದ್ ಗುಟುಕು ಹಾಕಿ, ಸೀಟಿನ ಜೇಬಿನಾಗೆ ವಾಂತಿ ಮಾಡಕ್ಕೆ ಕವರ್ ಇಟ್ಟಿರ್ತಾರಲ್ಲ, ಅದರೊಳಕ್ಕೆ ಬುಟ್ರು. ಗಗನಸಖಿ ಬಂದು ವಾಂತಿ ಬರ್ತೈತಾ ಅಂತ ಬೆನ್ನು ಸವರಿದ್ಲು!”

“ಉಂಡ್ರಾ?”

“ಅರ್ಧ ರೊಟ್ಟಿ ಚಕ್ರ ನೆಲ ಮುಟ್ಟೋಕೆ ಮುಂಚೆ, ಅರ್ಧ ಮುಟ್ಟಿದ್ ಮೇಲೆ. ತಗೋ, ಅವ್ರೇ ಮಾತಾಡ್ತಾರೆ.”

ಫೋನಿನಲ್ಲಿ ಗಾಳಿಯ ಸದ್ದು, ಯಾವುದೋ ಗೊತ್ತಿಲ್ಲದ ಭಾಷೆಯ ಕೂಗಾಟ. ಅದರ ನಡುವೆ ದೊಡ್ಡಮ್ಮ.

“ಇಪ್ಪತ್ತೊಂದಾಯ್ತು ಕಣವ್ವ. ಈಗ ವಿಮಾನದ ಮೆಟ್ಲು ಇಳ್ದು ನಿಂತಿದ್ದೀನಿ, ತಲೆ ಮ್ಯಾಕ್ಕೆ ಬರ್ತಾವ್ನೆ. ಚೆನ್ನಾಗವ್ನೆ.”

ನಾನು ಫೋನ್ ಹಿಡಿದುಕೊಂಡೇ ಸೆಂಟರಿನಿಂದ ಹೊರಗೆ ಬಂದೆ. ಬಸ್ ಸ್ಟ್ಯಾಂಡಿನ ಮೇಲೆ, ಪೂರ್ವದ ಆಕಾಶ ಪೂರ್ತಿ ಕಪ್ಪಗಿತ್ತು.

“ಇಲ್ಲಿ ಇನ್ನೂ ಬಂದಿಲ್ಲ ದೊಡ್ಡಮ್ಮ.”

“ಬಂದಿಲ್ವಾ?” ಅಂದರು. ಆಮೇಲೆ, ಹಟ್ಟಿಯ ಬಾಗಿಲಲ್ಲಿ ನಿಂತು ಪಕ್ಕದ ಮನೆಗೆ ಹೇಳುವ ಹಾಗೆ, “ಇರು, ಕಳಿಸ್ತೀನಿ,” ಅಂದರು.